ಗೋಪಾಲ ನಾಯ್ಕರ ಸಿರಿ

ಜನಪದ ಕಾವ್ಯಗಳನ್ನು ಅಚ್ಚಿಗೆ ತಂದ ವಿದ್ವಾಂಸರ ಚರಿತ್ರೆಯಲ್ಲಿ, ಹಾಡಿದವನ ಹೆಸರಿಗೆ ಬಹುಕಾಲ ದೊರೆತದ್ದು ಅಡಿಟಿಪ್ಪಣಿಯ ಸ್ಥಾನ. ಫಿನ್ಲೆಂಡಿನ ಎಲಿಯಾಸ್ ಲೋನ್‌ರೋಟ್ ಕರೇಲಿಯಾ ಪ್ರಾಂತದ ಅನೇಕ ಗಾಯಕರ ಹಾಡುಗಳನ್ನು ಆಯ್ದು, ಪರಸ್ಪರ ಬೆಸೆದು, 1849ರಲ್ಲಿ 22,795 ಸಾಲುಗಳ ‘ಕಾಲೇವಾಲ’ವನ್ನು ಲೋಕಕ್ಕೆ ಕೊಟ್ಟಾಗ, ಕೀರ್ತಿಯೆಲ್ಲವೂ ಸಂಗ್ರಾಹಕನಿಗೂ ಅವನ ದೇಶಕ್ಕೂ ಸಂದಿತು. ನಮ್ಮ ತುಳುನಾಡಿನಲ್ಲಿಯೂ ಬಾಸೆಲ್ ಮಿಷನ್ನಿನ ಮೆನ್ನರ್ 1886ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ‘ಪಾಡ್ದನೊಳು’ ಎಂಬ ತುಳು ಕಥನಗೀತೆಗಳ ಸಂಗ್ರಹ ಉಪಕಾರದ ಗ್ರಂಥವೇ ಸರಿ. ಆದರೆ ಅದರ ಶೀರ್ಷಿಕೆಯಲ್ಲಿ ಹಾಡುಗಾರನಿಗೆ ಎಡೆಯಿಲ್ಲ. ಈ ಹಿನ್ನೆಲೆಯನ್ನು ನೆನೆದಾಗಲೇ, 1998ರಲ್ಲಿ ಹೆಲ್ಸಿಂಕಿಯಿಂದ ಹೊರಬಂದ ‘ಸಿರಿ’ ಎಂಬ ತುಳು ಮಹಾಕಾವ್ಯದ ಎರಡು ಸಂಪುಟಗಳ ಮುಖಪುಟದಲ್ಲಿ, ಇದು ಗೋಪಾಲ ನಾಯ್ಕರು ಹಾಡಿದ ಸಿರಿ ಎಂದು ಕಾವ್ಯದ ಹೆಸರಿನೊಡನೆಯೇ ಮುದ್ರಿತವಾಗಿರುವುದರ ಮಹತ್ವ ತಿಳಿಯುವುದು. ‘ಕಾಲೇವಾಲ’ದ ನಾಡಿನವರೇ ಆದ ಜಾನಪದ ವಿದ್ವಾಂಸ ಲೌರಿ ಹೊಂಕೊ, ಹಲವು ಕಂಠಗಳನ್ನು ಒಂದು ಮಾಡುವ ತಮ್ಮ ನಾಡಿನ ಪದ್ಧತಿಯನ್ನು ಬಿಟ್ಟು, ಒಬ್ಬನೇ ಗಾಯಕ ಒಂದು ಸಲ ಹಾಡಿದುದನ್ನು ಅದಿದ್ದಂತೆಯೇ ಸ್ವೀಕರಿಸಲು ಬೆಳ್ತಂಗಡಿ ತಾಲ್ಲೂಕಿಗೆ ಬಂದರೆಂಬುದು ಜಾನಪದ ಶಾಸ್ತ್ರದ ಬೆಳವಣಿಗೆಯಲ್ಲಿ ಸಣ್ಣ ಘಟನೆಯಲ್ಲ.

ಉಜಿರೆಯ ಸಮೀಪದ ಮಾಚಾರಿನಲ್ಲಿ, 1990ರ ಡಿಸೆಂಬರ್ ತಿಂಗಳಲ್ಲಿ, ನಾಯ್ಕರು ದಿನದ ಮೇಲೆ ದಿನ ಹಾಡುತ್ತ ಹೋದರು. ಹೊಂಕೊ, ಅವರ ಪತ್ನಿ ಅನ್ನೆಲಿ ಹೊಂಕೊ, ಮಂಗಳೂರು ವಿಶ್ವವಿದ್ಯಾನಿಲಯದ ವಿವೇಕ ರೈ ಮತ್ತು ಚಿನ್ನಪ್ಪ ಗೌಡ ಕೇಳುತ್ತ, ಧ್ವನಿಯನ್ನೂ ದೃಶ್ಯವನ್ನೂ ಮುದ್ರಿಸಿಕೊಂಡರು. ಹೀಗೆ ದೊರೆತ ಪಠ್ಯ 15,683 ಸಾಲುಗಳದು; ಹೋಮರನ ‘ಇಲಿಯಡ್’ಗೆ ಸರಿಸುಮಾರು ಸಮನಾದ ಈ ವಿಸ್ತಾರವನ್ನು ಎಲ್ಲರೂ ಬೆರಗಿನಿಂದ ಉದ್ಧರಿಸುತ್ತಾರೆ. ನನಗಾದರೋ ಬೆರಗು ಅಲ್ಲಿಲ್ಲ. ಅಷ್ಟು ದೀರ್ಘವಾದ ಕಥನವನ್ನು ಪುನರುಕ್ತಿಗಳ ಸಹಿತ ಕತ್ತರಿಯಾಡಿಸದೆ ಉಳಿಸಿಕೊಂಡ ಸಂಪಾದಕರ ಸಂಯಮವೇ ಹೆಚ್ಚಿನದೆಂದು ನಾನು ಭಾವಿಸುತ್ತೇನೆ. ಓದುಗನಿಗೆ ಬೇಸರವಾದೀತೆಂಬ ನೆಪದಿಂದ ಪುನರುಕ್ತಿಯನ್ನು ತೆಗೆಯುವುದು ನಮ್ಮ ಸಂಗ್ರಾಹಕರಿಗೆ ರೂಢಿಯಾಗಿ ಬಂದ ದೋಷ. ಹಾಡಿನಲ್ಲಿ ಅದೇ ಉಸಿರಾಟದ ಸ್ಥಾನ, ಮುಂದಿನದನ್ನು ನೆನೆದುಕೊಳ್ಳುವ ಸ್ಥಾನವೆಂಬುದನ್ನು ಸಿರಿಯ ಈ ಸಂಪಾದಕರು ಬಲ್ಲವರಾಗಿದ್ದರು.

ನಾಯ್ಕರು ಹಾಡುಗಾರರು ಮಾತ್ರವೇ ಆಗಿದ್ದಿದ್ದರೆ ಈ ಸಹಯೋಗದ ಸ್ವರೂಪ ಬೇರೆಯಾಗುತ್ತಿತ್ತು. ಅವರು ಸಿರಿ ಜಾತ್ರೆಯಲ್ಲಿ ಕುಮಾರನಾಗಿ ನಿಲ್ಲುತ್ತಿದ್ದವರು. ಹುಣ್ಣಿಮೆಯ ರಾತ್ರಿ, ಕೈಯಲ್ಲಿ ಹಿಂಗಾರ ಹಿಡಿದು ಸಾಲಾಗಿ ನಿಂತ ಹೆಂಗಸರ ಮೈಮೇಲೆ ಕಾವ್ಯದ ನಾಯಕಿಯರಾದ ಸಿರಿ, ಸೊನ್ನೆ, ಅಬ್ಬಗ, ದಾರಗರು ಬಂದಾಗ, ಅವರೊಡನೆ ಮಾತನಾಡಿ, ಬಂದವರು ಯಾರೆಂಬುದನ್ನು ವಿಚಾರಿಸಿ, ಹೊಸದಾಗಿ ನಡುಗುತ್ತಿರುವ ಹುಡುಗಿಯನ್ನು ಸಂತೈಸುವವನು ಕುಮಾರ. ಕಥೆಯಲ್ಲಿ ಅವನು ಸಿರಿಯ ಮಗ. ಆದುದರಿಂದ ಬಸರೂರಿನ ಕಾಂತು ಪೂಂಜ, ಬಯಕೆಯ ಶಾಸ್ತ್ರಕ್ಕೆಂದು ತಂದ ಸೀರೆಯನ್ನು ಮೊದಲು ಸಿದ್ದುವೆಂಬ ವೇಶ್ಯೆಯ ಮೈಮೇಲೆ ಹಾಕಿಸಿ ಆಮೇಲೆ ಹೆಂಡತಿಗೆ ತಂದುಕೊಡುವ ಭಾಗವನ್ನೂ, ಸಿರಿ ಅದನ್ನು ಮುಟ್ಟಲೊಲ್ಲದೆ ಗಂಡನ ದ್ರೋಹವನ್ನು ಎತ್ತಿ ಆಡುವ ಭಾಗವನ್ನೂ ನಾಯ್ಕರು ಹಾಡುವಾಗ, ತಾಯಿಯ ಅಪಮಾನವನ್ನು ಮಗನೇ ನುಡಿಯುತ್ತಿರುವಂತಿರುತ್ತಿತ್ತು. ಇಂಥ ಅಂತರಂಗದ ಅಧಿಕಾರವನ್ನು ಯಾವ ವಿಶ್ವವಿದ್ಯಾನಿಲಯವೂ ಕೊಡಲಾರದು. ಹೊಂಕೊ ಅವರು ‘ಮಾನಸಿಕ ಪಠ್ಯ’ವೆಂದು ಕರೆದ ಸಿದ್ಧಾಂತ, ಎಂದರೆ ಗಾಯಕನ ಮನಸ್ಸಿನಲ್ಲಿ ಕಥೆಯೂ ನುಡಿಗಟ್ಟುಗಳೂ ಸಿದ್ಧವಾಗಿದ್ದು ಸಂದರ್ಭಕ್ಕೆ ತಕ್ಕಂತೆ ಹಿಗ್ಗುವುವು ಕುಗ್ಗುವುವು ಎಂಬ ವಿಚಾರ, ನಾಯ್ಕರ ಈ ಬಾಳಿನಿಂದಲೇ ಪುಷ್ಟಿ ಪಡೆಯಿತು. ಸಿದ್ಧಾಂತ ಪಂಡಿತರದೆನಿಸಿದರೂ ಅದರ ದ್ರವ್ಯ ಮಾಚಾರಿನದು.

ಇನ್ನು ಆಕ್ಷೇಪಗಳು. ಮೊದಲನೆಯದನ್ನು ಹಲವರು ಎತ್ತುವುದುಂಟು: ಗದ್ದೆಯ ನಾಟಿಯಲ್ಲಾಗಲಿ ಜಾತ್ರೆಯಲ್ಲಾಗಲಿ ಸಿರಿಯ ಕಥೆ ಖಂಡಖಂಡವಾಗಿ ಕೇಳಬರುವುದೇ ಹೊರತು ಹೀಗೆ ಅಖಂಡವಾಗಿ ಅಲ್ಲ; ಆದ್ದರಿಂದ ಈ ಮಹಾಕಾವ್ಯ ಸಂಶೋಧಕರ ಅಪೇಕ್ಷೆಯ ಫಲವೆಂದು. ಧ್ವನಿಮುದ್ರಣಕ್ಕಾಗಿಯೇ ಏರ್ಪಟ್ಟ ಹಾಡಿಕೆ ಇದೆಂಬುದನ್ನು ಸಂಪಾದಕರು ಮುಚ್ಚಿಟ್ಟಿಲ್ಲ. ಸಾವಧಾನವಾಗಿ ಕೇಳುವವರು ದೊರೆತಾಗ ಕವಿ ತನ್ನ ಶಕ್ತಿಯನ್ನೆಲ್ಲ ತೋರುವುದು ಕೃತ್ರಿಮವೆಂದು ನನಗೆ ತೋರುವುದಿಲ್ಲ.

ಎರಡನೆಯದು ಗಂಭೀರವಾದುದು. ಸಿರಿಯ ಲೋಕ ಹೆಣ್ಣಿನ ಲೋಕ. ನೇಜಿ ನೆಡುತ್ತ ಪಾಡ್ದನ ಹೇಳುವವರು ಹೆಂಗಸರು, ಜಾತ್ರೆಯಲ್ಲಿ ತಮ್ಮ ಮನೆಯ ಸಂಕಟಕ್ಕೆ ಸಿರಿಯ ಬಾಯನ್ನು ಪಡೆಯುವವರೂ ಅವರೇ. ಆ ಲೋಕದ ಅತ್ಯಂತ ವಿಸ್ತೃತ ದಾಖಲೆ ಒಬ್ಬ ಪುರುಷನ ಕಂಠದಿಂದ ಬಂದಿತೆಂಬುದು ನಾಯ್ಕರ ತಪ್ಪಲ್ಲ, ಆದರೆ ಓದುವವರು ಮರೆಯಬಾರದ ಮಿತಿ. ಎ. ವಿ. ನಾವಡರು ‘ರಾಮಕ್ಕ ಮುಗ್ಗೇರ್ತಿ ಕಟ್ಟಿದ ಸಿರಿ ಪಾಡ್ದನ’ವನ್ನು ಸಂಪಾದಿಸಿದುದು ಈ ದೃಷ್ಟಿಯಿಂದ ಅತ್ಯಗತ್ಯವಾದ ಕೆಲಸ. ಅಲ್ಲಿ ಪಾಡ್ದನವನ್ನು ಕಟ್ಟಿದವಳೆಂಬ ಕರ್ತೃತ್ವವನ್ನು ಶೀರ್ಷಿಕೆಯೇ ಒಬ್ಬ ಹೆಣ್ಣುಮಗಳಿಗೆ ಒಪ್ಪಿಸಿದೆ. ಎರಡು ಸಿರಿಗಳನ್ನೂ ಒಟ್ಟಿಗೆ ಓದದೆ ಯಾರೂ ಸಿರಿಯನ್ನು ಕುರಿತು ತೀರ್ಪು ಕೊಡಬಾರದು.

ನನ್ನ ಮನಸ್ಸಿಗೆ ನೋವುಂಟುಮಾಡುವ ಕೊರತೆ ಇನ್ನೊಂದಿದೆ. ಹೆಲ್ಸಿಂಕಿಯ ಮುದ್ರಣದಲ್ಲಿ ತುಳು ಪಠ್ಯವಿರುವುದು ರೋಮನ್ ಲಿಪಿಯಲ್ಲಿ, ಎದುರಿಗೆ ಇಂಗ್ಲಿಷ್ ಅನುವಾದ. ವಿದೇಶದ ವಿದ್ವಾಂಸನಿಗೆ ಇದು ಅನುಕೂಲವೇ. ಆದರೆ ಕನ್ನಡ ಲಿಪಿಯಲ್ಲಿ ತುಳು ಓದುವ ಉಜಿರೆಯ ಶಾಲೆಯ ಹುಡುಗಿಗೆ ಅವಳ ಅಜ್ಜಿಯ ಹಾಡೇ ಆ ಪುಟಗಳಲ್ಲಿ ಅಪರಿಚಿತವಾಗಿ ಕಾಣುವುದು. ಗಾಯಕನ ಹೆಸರು ಶೀರ್ಷಿಕೆಗೆ ಏರಿತು, ದಿಟ. ಗ್ರಂಥಕರ್ತರ ಸಾಲಿನಲ್ಲಿ ಮಾತ್ರ ಇರುವವರು ಪಂಡಿತರೇ. ಯಾವ ಪಾಠವನ್ನು ಮುದ್ರಿಸಬೇಕು, ಯಾರಿಗಾಗಿ ಮುದ್ರಿಸಬೇಕು ಎಂಬ ಕೊನೆಯ ನಿರ್ಣಯದಲ್ಲಿ ಹಾಡಿದವನಿಗೂ ಅವನ ಊರಿಗೂ ಪಾಲು ದೊರೆತಾಗಲೇ ಇದನ್ನು ಸಮಾನರ ಸಹಯೋಗವೆನ್ನಬಹುದು. ಆ ಮಾನದಿಂದ ಅಳೆದರೆ, ಈ ಕೃತಿ ತನಗಿಂತ ಹಿಂದಿನ ಎಲ್ಲ ಪಾಡ್ದನ ಸಂಗ್ರಹಗಳನ್ನೂ ಮೀರಿ ಬಹುದೂರ ಬಂದಿದೆ, ಗುರಿಯನ್ನು ಮುಟ್ಟಿಲ್ಲ.

ಇನ್ನು ಮುಂದೆ ಇಂಥ ಕಾರ್ಯಕ್ಕೆ ಕೈಹಾಕುವ ಸಂಶೋಧಕರಲ್ಲಿ ನನ್ನ ಬಿನ್ನಹವಿಷ್ಟೆ: ಹಾಡಿದವರ ಹೆಸರನ್ನು ಗ್ರಂಥಕರ್ತರ ಸಾಲಿನಲ್ಲಿ ಮೊದಲು ಬರೆಯಿರಿ, ಪಠ್ಯವನ್ನು ಆ ಜನ ಓದುವ ಲಿಪಿಯಲ್ಲಿ ಅಚ್ಚುಮಾಡಿಸಿ, ಧ್ವನಿಮುದ್ರಣದ ಒಂದು ಪ್ರತಿಯನ್ನು ಅದೇ ಊರಿನ ಗ್ರಂಥಾಲಯದಲ್ಲಿ ಇರಿಸಿ.