ಅಭಾವಕ್ಕೆ ಪ್ರಮಾಣವೇನು?

ಕಡಿದ ಕಾಲನ್ನು ಮೂಳೆ, ಸ್ನಾಯು, ನರಗಳ ಸಮೇತ ಮರಳಿ ಬೆಳೆಸಿಕೊಳ್ಳಬಲ್ಲ, ಮೆಕ್ಸಿಕೋ ದೇಶದ ಸರೋವರವಾಸಿಯಾದ ಆಕ್ಸೊಲಾಟ್ಲ್ ಎಂಬ ಸಾಲಮಾಂಡರಿನ ಜಿನೋಮನ್ನು ಎಲಿ ತನಾಕಾ ಅವರೂ ಅವರ ಸಹೋದ್ಯೋಗಿಗಳೂ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದಾಗ ಎಲ್ಲರನ್ನೂ ಬೆರಗುಗೊಳಿಸಿದ್ದು ಅದರ ಗಾತ್ರ: ಸುಮಾರು 3,200 ಕೋಟಿ ಅಕ್ಷರಗಳು, ಎಂದರೆ ಮನುಷ್ಯನದರ ಹತ್ತು ಮಡಿ. ಗಾತ್ರದ ಬಹುಪಾಲು ಪುನರುಕ್ತಿಯೇ ಆದುದರಿಂದ ಆ ಬೆರಗು ನನಗೆ ಅಷ್ಟಾಗಿ ಹಿಡಿಸದು. ಪ್ರಬಂಧದ ಸತ್ತ್ವವಿರುವುದು ಅಲ್ಲಿ ಕಾಣದೆ ಹೋದ ಒಂದು ವಂಶವಾಹಿಯಲ್ಲಿ.

ಪ್ಯಾಕ್ಸ್-3 ಎಂಬ ಆ ವಂಶವಾಹಿ ಕೆಟ್ಟರೆ ಇಲಿಯ ಭ್ರೂಣದಲ್ಲಿ ನರನಾಳ ಸರಿಯಾಗಿ ಮುಚ್ಚಿಕೊಳ್ಳದು, ಕೈಕಾಲುಗಳ ಸ್ನಾಯು ರೂಪುಗೊಳ್ಳದು. ಇಂಥ ಅನಿವಾರ್ಯವಾದುದು ಆಕ್ಸೊಲಾಟ್ಲಿನಲ್ಲಿ ಇಲ್ಲವೇ ಇಲ್ಲವೆಂದರೆ ನಂಬುವುದೆಂತು? ಇದ್ದಿದ್ದರೆ ಕಾಣಲೇಬೇಕಾಗಿದ್ದ ಸ್ಥಳದಲ್ಲಿ ಕಾಣದಿದ್ದರೆ ಮಾತ್ರ ಅನುಪಲಬ್ಧಿಯು ಅಭಾವಕ್ಕೆ ಪ್ರಮಾಣವಾಗುತ್ತದೆಂದು ನಮ್ಮ ಭಾಟ್ಟ ಮೀಮಾಂಸಕರು ವಿಧಿಸಿದ ನಿಯಮವನ್ನು ಈ ವಿಜ್ಞಾನಿಗಳು ಅರಿಯದೆಯೇ ಪಾಲಿಸಿದ್ದಾರೆ: ದೀರ್ಘ ತುಣುಕುಗಳನ್ನು ಓದುವ ವಿಧಾನದಿಂದ ಪುನರುಕ್ತಿಯ ಕಾಡನ್ನು ದಾಟಿ, ಇತರ ಪ್ರಾಣಿಗಳಲ್ಲಿ ಪ್ಯಾಕ್ಸ್-3ರ ನೆರೆಹೊರೆಯಲ್ಲಿರುವ ವಂಶವಾಹಿಗಳು ಇಲ್ಲಿಯೂ ಸ್ವಸ್ಥಾನದಲ್ಲಿವೆ, ನಡುವಿನದು ಮಾತ್ರ ಇಲ್ಲ ಎಂದು ತೋರಿಸಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಸೋದರವಂಶವಾಹಿಯಾದ ಪ್ಯಾಕ್ಸ್-7ನ್ನು ಕೆಡಿಸಿ, ಇಲಿಯಲ್ಲಿ ಎರಡರ ಲೋಪದಿಂದ ಬೇರೆಬೇರೆಯಾಗಿ ಕಾಣುವ ದೋಷಗಳು ಆಕ್ಸೊಲಾಟ್ಲಿನಲ್ಲಿ ಈ ಒಂದರ ಲೋಪದಿಂದಲೇ ತಲೆದೋರುವುದನ್ನು ಕಂಡರು. ಕೇವಲ ಅಕ್ಷರಪಠನದಿಂದ ಈ ನಿರ್ಣಯ ದೊರೆಯುತ್ತಿರಲಿಲ್ಲ.

ಆದರೆ ಈ ಪ್ರಬಂಧವನ್ನೊಂದನ್ನೇ ಓದಿದವನು ಪ್ಯಾಕ್ಸ್-3ರ ಲೋಪಕ್ಕೂ ಅಂಗಪುನರ್ಜನನಕ್ಕೂ ಕಾರ್ಯಕಾರಣಸಂಬಂಧವನ್ನು ಕಲ್ಪಿಸಿಕೊಂಡರೆ ಅಚ್ಚರಿಯಿಲ್ಲ. 2017ರಲ್ಲಿ ಬೇರೊಂದು ತಂಡವು ಪ್ರಕಟಿಸಿದ, ಸುಮಾರು 2,000 ಕೋಟಿ ಅಕ್ಷರಗಳ ಐಬೀರಿಯಾದ ನ್ಯೂಟ್‌ನ ಜಿನೋಮು ಆ ಕಲ್ಪನೆಯನ್ನು ಮುರಿಯುತ್ತದೆ. ಅದೂ ಸಾಲಮಾಂಡರೇ, ಅದೂ ಕಾಲನ್ನು ಮರಳಿ ಬೆಳೆಸಿಕೊಳ್ಳುತ್ತದೆ. ಆದರೂ ಅದರಲ್ಲಿ ಪ್ಯಾಕ್ಸ್-3 ಇದೆ, ಬೆಳವಣಿಗೆಗೆ ಅವಶ್ಯವೂ ಆಗಿದೆ. ಮೇಲಾಗಿ, ಸಸ್ತನಿಗಳ ಸ್ನಾಯುವಿನ ದುರಸ್ತಿಗೆ ಬೇಕೇಬೇಕೆನಿಸುವ ಪ್ಯಾಕ್ಸ್-7 ಕೆಟ್ಟರೂ ಈ ನ್ಯೂಟಿನ ಸ್ನಾಯು ಎಂದಿನಂತೆ ಪುನಃ ಬೆಳೆಯುತ್ತದೆ! ಇಲಿ, ಕಪ್ಪೆ, ಮನುಷ್ಯರೆಂಬ ದೂರದ ನೆಂಟರೊಡನೆ ಮಾಡಿದ ತುಲನೆಗಿಂತ ಈ ಹತ್ತಿರದ ದಾಯಾದಿಯೊಡನೆ ಮಾಡಿದ ತುಲನೆಯೇ ಹೆಚ್ಚು ನಿಷ್ಠುರವೂ ಹೆಚ್ಚು ಫಲಪ್ರದವೂ ಆಗಿದೆಯೆಂದು ನನ್ನ ಮತ. ಪ್ಯಾಕ್ಸ್-7 ಮೊದಲೇ ಇಬ್ಬರ ಹೊರೆಯನ್ನು ಹೊತ್ತುದರಿಂದ ಪ್ಯಾಕ್ಸ್-3 ಅನಾವಶ್ಯಕವಾಗಿ ಅಳಿಯಿತೋ, ಅಳಿದ ಮೇಲೆ ಹೊರೆಯು ಇದರ ಪಾಲಿಗೆ ಬಂದಿತೋ ಎಂಬ ಪೌರ್ವಾಪರ್ಯವನ್ನು ಮಾತ್ರ ಎರಡು ಪ್ರಾಣಿಗಳ ಸಾಕ್ಷ್ಯದಿಂದ ನಿರ್ಣಯಿಸಲಾಗದು. ಅದಕ್ಕೆ ಆಕ್ಸೊಲಾಟ್ಲಿನ ಸ್ವಕುಲದ ಇತರ ಪ್ರಭೇದಗಳಲ್ಲಿಯೂ ಇದೇ ಸ್ಥಾನವನ್ನು ಇಷ್ಟೇ ದೀರ್ಘವಾಗಿ ಓದಬೇಕು.