ಹೆಸರು ಕೊರೆಯುವ ಜಾಗ

ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿಯೇ ನನ್ನ ಪಿಎಚ್.ಡಿ.ಯ ಅರ್ಧ ಓದು ನಡೆದಿದೆ. ಮೂಡುಬಿದಿರೆಯ ಕವಿ ರತ್ನಾಕರವರ್ಣಿ ನನ್ನ ವಿಷಯ. ಅವನ ‘ಭರತೇಶ ವೈಭವ’ ಯುದ್ಧವನ್ನು ನಿರಾಕರಿಸಿದ ಕಾವ್ಯ ಎಂದು ಮೊದಲ ಕರಡಿನಲ್ಲಿ ಧೈರ್ಯವಾಗಿ ಬರೆದಿದ್ದೆ. ಈಗ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ.

ಹಾಗೆ ಬರೆಯಲು ಆಧಾರವಿತ್ತು. ಪಂಪನ ‘ಆದಿಪುರಾಣ’ದಲ್ಲಿ ಅಣ್ಣ ತಮ್ಮಂದಿರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆಯುತ್ತವೆ. ಮೂರರಲ್ಲೂ ಸೋತ ಭರತ ತಮ್ಮನ ಮೇಲೆ ಚಕ್ರರತ್ನವನ್ನೇ ಪ್ರಯೋಗಿಸುತ್ತಾನೆ. ಹದಿನಾರನೆಯ ಶತಮಾನದ ರತ್ನಾಕರನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನ ಭರತ ಬರೀ ಮಾತಿನಿಂದ ಬಾಹುಬಲಿಯ ಮನಸ್ಸನ್ನು ಗೆಲ್ಲುತ್ತಾನೆ.

ಆದರೆ ಕಾವ್ಯದ ಐದು ಭಾಗಗಳ ಹೆಸರು ನೋಡಿ: ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ. ಭೋಗವೂ ಗೆಲುವು, ಕೊನೆಗೆ ಮೋಕ್ಷವೂ ಗೆಲುವು! ರತ್ನಾಕರ ದಂಡಯಾತ್ರೆಯ ರಕ್ತ ಒರೆಸಿದ; ಗೆಲುವಿನ ರುಚಿಯನ್ನು ಹಾಗೆಯೇ ಉಳಿಸಿದ. ತಮ್ಮನ ಮೇಲೆ ಚಕ್ರ ಎಸೆದ ನಾಚಿಕೆಯಿಂದ ದೊರೆಯನ್ನು ಕವಿಯೇ ಕಾಪಾಡಿಬಿಟ್ಟ.

ಪಂಪ ಕಾಪಾಡುವುದಿಲ್ಲ. ಅವನು ಅರಿಕೇಸರಿಯ ಆಸ್ಥಾನದ ಕವಿ, ಕಲಿಯೂ ಹೌದು. ಕೀರ್ತಿಯ ಹಸಿವನ್ನು ಹತ್ತಿರದಿಂದ ಕಂಡವನು. 941ರ ‘ಆದಿಪುರಾಣ’ದಲ್ಲಿ ಭೂಮಿಯನ್ನೆಲ್ಲ ಗೆದ್ದ ಭರತ ತನ್ನ ಹೆಸರು ಕೊರೆಸಲು ವೃಷಭಾಚಲಕ್ಕೆ ಬರುತ್ತಾನೆ. ಬಂಡೆಯ ಮೇಲೆ ಜಾಗವೇ ಇಲ್ಲ. ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು. ಗರ್ವ ಕರಗುತ್ತದೆ. ಆದರೂ ಒಬ್ಬನದನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ.

ಈ ‘ಆದರೂ’ ನನ್ನನ್ನು ಕಾಡುತ್ತಿದೆ. ಕೀರ್ತಿ ಟೊಳ್ಳೆಂದು ತಿಳಿಯದೆ ನಾಯಕರು ಅದರ ಹಿಂದೆ ಬೀಳುತ್ತಾರೆ ಎಂದುಕೊಂಡರೆ ನಮಗೆ ಸಮಾಧಾನ. ಪಂಪನ ಭರತ ತಿಳಿದ ಮೇಲೂ ಬೀಳುತ್ತಾನೆ. ತನ್ನ ಹೆಸರನ್ನೂ ನಾಳೆ ಯಾರೋ ಅಳಿಸುತ್ತಾರೆ ಎಂಬುದಕ್ಕೆ ಸಾಕ್ಷಿ ಅವನ ಕೈಯಲ್ಲೇ ಇದೆ.

ಇದು ಮನಸ್ಸಿಗೆ ನಾಟಿದ್ದು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ. ಅಲ್ಲಿನ ಬಾಹುಬಲಿಯನ್ನು 1604ರಲ್ಲಿ ನಿಲ್ಲಿಸಿದವನು ತಿಮ್ಮಣ್ಣ ಅಜಿಲ. ಕಾರ್ಕಳದಲ್ಲಿ 1432ರಿಂದಲೇ ಒಂದು ಬಾಹುಬಲಿ ಮೂರ್ತಿ ಇತ್ತು. ತನ್ನ ಊರಿನ ಹಿರಿಮೆ ಕುಂದೀತೆಂದು ಕಾರ್ಕಳದ ಅರಸ ವೇಣೂರಿನ ಮೇಲೆ ದಂಡೆತ್ತಿ ಬಂದನಂತೆ. ಅಜಿಲ ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟನಂತೆ. ಐತಿಹ್ಯವೇ ಇರಬಹುದು. ಆದರೆ ಗೆದ್ದ ರಾಜ್ಯವನ್ನು ಬಿಟ್ಟು ನಿಂತವನ ಮೂರ್ತಿಗಾಗಿ ಯುದ್ಧವಾಯಿತು ಎಂಬ ಕಥೆಯನ್ನು ಊರು ಸುಮ್ಮನೆ ನೆನಪಿಟ್ಟುಕೊಂಡಿಲ್ಲ. ಮೂರ್ತಿಯ ಪಕ್ಕದಲ್ಲಿ ಶಾಸನವಿದೆ. ನಿಲ್ಲಿಸಿದ ಅರಸನ ಹೆಸರು, ವಂಶ ಎಲ್ಲವೂ ಅದರಲ್ಲಿವೆ. ಬಾಹುಬಲಿಯ ಪಕ್ಕದಲ್ಲೂ ಒಂದು ವೃಷಭಾಚಲ!

ಹಳೆಯ ಮಾತು ಇಷ್ಟೇ ಎನ್ನುವಂತಿಲ್ಲ. 2019ರ ಲೋಕಸಭಾ ಚುನಾವಣೆಗೆ ಮುನ್ನ, ಪ್ರಚಾರದಲ್ಲಿ ಸೈನಿಕರ ಚಿತ್ರ ಬಳಸಬೇಡಿ ಎಂದು ಚುನಾವಣಾ ಆಯೋಗ ಪಕ್ಷಗಳಿಗೆ ಹೇಳಬೇಕಾಯಿತು. ಗಡಿಯಲ್ಲಿ ನಿಂತವನ ಹೆಗಲ ಮೇಲೆ ತಮ್ಮ ಹೆಸರು ಬರೆಯುವ ಆಸೆ ಯಾವ ಒಂದು ಪಕ್ಷದ್ದೂ ಅಲ್ಲ.

ಹೊಡೆದುಹಾಕಿದ ವಾಕ್ಯದ ಜಾಗದಲ್ಲಿ ಈಗ ಹೀಗೆ ಬರೆದಿದ್ದೇನೆ: ರತ್ನಾಕರ ನಮಗೆ ಒಳ್ಳೆಯ ದೊರೆಯನ್ನು ಕೊಟ್ಟ, ಪಂಪ ದೊರೆಯನ್ನು ಅನುಮಾನಿಸುವ ಕಣ್ಣು ಕೊಟ್ಟ. ಮೊದಲನೆಯವನನ್ನು ಪ್ರೀತಿಸುತ್ತಲೇ ಎರಡನೆಯವನನ್ನು ಓದಬೇಕು.