ಮಿತಾಕ್ಷರದ ನಾಡಿನಲ್ಲಿ ಕಾನೂನಿನ ಗದ್ಯ

ಶಾಸ್ತ್ರಗ್ರಂಥಗಳನ್ನು ಗದ್ಯವೆಂದು ಓದುವ ರೂಢಿ ನಮ್ಮ ವಿಮರ್ಶಕರಲ್ಲಿ ಕಡಮೆ. ಕಾನೂನಿನ ಬರಹವನ್ನಂತೂ ವಕೀಲರಿಗೆ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದೇವೆ. ಆದರೆ ಕನ್ನಡ ನಾಡಿನಲ್ಲಿ ಹುಟ್ಟಿ ಭಾರತದ ಬಹುಭಾಗದ ಮನೆಮನೆಯ ಬಾಳನ್ನು ಆಳಿದ ಗ್ರಂಥ ಯಾವುದೆಂದರೆ, ಕಾವ್ಯಗಳಿಗಿಂತ ಮೊದಲು ಕಾನೂನಿನ ವ್ಯಾಖ್ಯಾನವೊಂದನ್ನೇ ಹೆಸರಿಸಬೇಕಾದೀತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ಅದು. ಹೆಸರು ಮಿತಾಕ್ಷರವಾದರೂ ಗ್ರಂಥವೇನೂ ಮಿತವಲ್ಲ! 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದಮೇಲೆ, ಬಂಗಾಳ ಅಸ್ಸಾಮುಗಳನ್ನು ಬಿಟ್ಟು ಹೆಚ್ಚಿನೆಡೆಗಳಲ್ಲಿ ಹಿಂದೂ ಕುಟುಂಬದ ಆಸ್ತಿವ್ಯಾಜ್ಯಗಳಿಗೆ ಅದೇ ಆಧಾರವಾಯಿತು.

ಗದ್ಯವಾಗಿ ಅದರ ಗುಣವೇನು? ಎದುರಾಳಿಯ ಮಾತನ್ನು ಎಳ್ಳಷ್ಟೂ ಕುಗ್ಗಿಸದೆ ಮುಂದಿಟ್ಟು, ಆಮೇಲೆ ಖಂಡಿಸುವ ಶಿಸ್ತು. ಸ್ವತ್ವವೆಂಬುದು ಶಾಸ್ತ್ರದಿಂದಷ್ಟೇ ತಿಳಿಯತಕ್ಕದ್ದೊ, ಲೋಕವ್ಯವಹಾರದಿಂದ ಸಿದ್ಧವಾದುದೊ ಎಂಬ ಚರ್ಚೆಯನ್ನು ನೋಡಿ. ಶಾಸ್ತ್ರದ ಸುಳಿವೇ ಇಲ್ಲದ ಗಡಿಸೀಮೆಯ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಆದುದರಿಂದ ಸ್ವತ್ವ ಲೌಕಿಕವಾದುದೇ ಎನ್ನುತ್ತಾನೆ ವಿಜ್ಞಾನೇಶ್ವರ. ಪಂಡಿತನೊಬ್ಬ ಓಲೆಗರಿಯಿಂದ ತಲೆಯೆತ್ತಿ ಸಂತೆಯ ಕಡೆ ನೋಡಿದ ಗಳಿಗೆ ಅದು. ಆ ಮಾತು ಸಂಸ್ಕೃತದಲ್ಲಿದ್ದು ಸಂತೆಯವರಿಗೆ ಮುಟ್ಟಲಿಲ್ಲವೆಂಬ ಆಕ್ಷೇಪವೇನೋ ನ್ಯಾಯವಾದುದೇ.

ಇಂದಿನ ವಿಜ್ಞಾನೇಶ್ವರರು ಬರೆಯುವುದು ವಿದ್ವತ್ಪತ್ರಿಕೆಗಳಲ್ಲಿ. 1988ರಲ್ಲಿ ಪಾಠ ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳೇ ಸಂಪಾದಿಸುವ ‘ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ’ ಅಂಥದೊಂದು. ಇಂಥ ಪತ್ರಿಕೆಗಳಲ್ಲಿ ಅಡಿಟಿಪ್ಪಣಿ ಹುತ್ತದಂತೆ ಬೆಳೆದು ಮೂಲಲೇಖನವನ್ನು ಪುಟದ ಮೇಲಂಚಿಗೆ ನೂಕಿರುವುದುಂಟು, ಓದಲು ದಣಿವು. ಆದರೂ ಒಳ್ಳೆಯ ಲೇಖನ ತೀರ್ಪಿಗೆ ತಲೆಬಾಗಿ ಸುಮ್ಮನಾಗುವುದಿಲ್ಲ. ನ್ಯಾಯಮೂರ್ತಿಗಳ ತರ್ಕ ಎಲ್ಲಿ ಜಾರಿತೆಂದು ಕೇಳುತ್ತದೆ. ಪೂರ್ವಪಕ್ಷದ ಹಳೆಯ ಶಿಸ್ತು ಹೀಗೆ ಇಂಗ್ಲಿಷಿನಲ್ಲಿ ಉಳಿದುಬಂದಿದೆ.

ಕನ್ನಡದಲ್ಲಿ ಉಳಿದಿರುವ ಕಾನೂನಿನ ಗದ್ಯ ಬೇರೆ. ನಮ್ಮ ಯಲಿಯೂರಿನ ಕಡೆ, ನಾಲೆಯ ನೀರು ಕಂಡ ಕಬ್ಬುಗದ್ದೆಗಳ ಸೀಮೆಯಲ್ಲಿ, ಪಾಲಿನ ಮಾತು ಬಂದಾಗ ಹೆಣ್ಣುಮಕ್ಕಳಿಂದ ಬರೆಸಿಕೊಳ್ಳುವ ಹಕ್ಕು ಖುಲಾಸೆ ಪತ್ರಗಳಲ್ಲಿ ಕೆಲವನ್ನು ನಾನು ಓದಿದ್ದೇನೆ. ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಮುಟ್ಟಿತೆಂದೂ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟೆನೆಂದೂ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಸಮೇತ ಹೇಳುವ ಆ ಬರಹದಲ್ಲಿ ಎಡವುವ ಮಾತೇ ಇಲ್ಲ. ಪತ್ರಬರಹಗಾರರ ಕನ್ನಡ ನುರಿತ ಕನ್ನಡ. ಇತ್ತ, ವಿಜ್ಞಾನೇಶ್ವರ ಗಂಡುಮಕ್ಕಳಿಗೆ ಹೇಳಿದ ಹುಟ್ಟಿನ ಸ್ವತ್ವವನ್ನು 1994ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, ಅದಕ್ಕೆ ಮುಂಚೆ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಲ್ಲವೆಂದೂ, ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪಲಾಗದೆಂದೂ ವಿನೀತಾ ಶರ್ಮ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು. ಆ ತೀರ್ಪಿನ ಮೇಲಿನ ಪಂಡಿತಚರ್ಚೆ ಇಂಗ್ಲಿಷಿನಲ್ಲಿ. ಹಕ್ಕನ್ನು ಬಿಡಿಸಿಕೊಳ್ಳುವ ಗದ್ಯ ಕನ್ನಡದ್ದು, ಹಕ್ಕು ಏನೆಂದು ವಾದಿಸುವ ಗದ್ಯ ಇಂಗ್ಲಿಷಿನದು. ನನ್ನ ಆಕ್ಷೇಪವೆಲ್ಲ ಇಷ್ಟೇ.

ಕಾನೂನಿಗೆ ಕನ್ನಡ ಸಾಲದೆಂಬ ಹಳೆಯ ರಾಗ ಇಲ್ಲಿ ಬೇಡ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾನಿಲಯದ ಪ್ರಶ್ನೆಪತ್ರಿಕೆ, ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಾಗಲಿ ಪೂರ್ತಿ ಕನ್ನಡದಲ್ಲಾಗಲಿ ಬರೆಯಿರಿ ಎನ್ನುತ್ತದೆ. ಆದರೆ ಹಾಗೆ ಬರೆಯುವ ಹುಡುಗರಿಗಾಗಿ ಇರುವ ಪುಸ್ತಕಗಳಲ್ಲಿ ನಾನು ಕಂಡ ಹೆಚ್ಚಿನವು, ಕಲಮಿಗೆ ಅರ್ಥ, ಅರ್ಥಕ್ಕೆ ಉದಾಹರಣೆ ಕೊಟ್ಟು ಮುಗಿಸುವ ಕೈಪಿಡಿಗಳು. ಪೂರ್ವಪಕ್ಷವೇ ಇಲ್ಲದ ಸಿದ್ಧಾಂತ! ಇದು ನಮ್ಮೊಬ್ಬರ ಪಾಡೂ ಅಲ್ಲ. ಆಫ್ರಿಕದ ಟಾಂಜಾನಿಯ 2021ರಲ್ಲಿ ಕಾನೂನು ತಿದ್ದಿ ಸ್ವಾಹಿಲಿಯನ್ನು ನ್ಯಾಯಾಲಯಗಳ ಭಾಷೆಯೆಂದು ಸಾರಿತು. ಅಲ್ಲಿನ ದಾರ್ ಎಸ್ ಸಲಾಮ್ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆ ಹುಟ್ಟಿದುದು ಇಂಗ್ಲಿಷಿನಲ್ಲಿ. ಅಪ್ಪಣೆ ಒಂದು ದಿನದಲ್ಲಿ ಹೊರಟೀತು, ವಾದದ ಗದ್ಯ ಹಾಗೆ ಬಾರದು.

ಶಬ್ದದ ತೊಡಕು ಇಲ್ಲದಿಲ್ಲ. ಆಸ್ತಿಯ ಹಕ್ಕುಳ್ಳವನಿಗೆ ಸಂಸ್ಕೃತದಲ್ಲಿ ‘ದಾಯಾದ’ ಎಂಬ ಮಾತಿದೆ. ನಮ್ಮ ಮಂಡ್ಯದ ಕಡೆ ದಾಯಾದಿ ಎಂದೊಡನೆ ಬದುವಿನ ಜಗಳ ಕಣ್ಣಿಗೆ ಕಟ್ಟುತ್ತದೆ. ಒಡಹುಟ್ಟಿದ ತಂಗಿಯನ್ನು ದಾಯಾದಿ ಎಂದರೆ ಬೈದಂತೆಯೇ ಸರಿ. ಪಾರಿಭಾಷಿಕ ಪದ ಕಟ್ಟುವವರಿಗೆ ಈ ಕಿವಿ ಬೇಡವೆ? ‘ಹುಟ್ಟುಪಾಲು’ ಎಂದರೆ ಯಲಿಯೂರಿನ ಅಜ್ಜಿಗೂ ತಿಳಿದೀತು. ಆದರೆ ಆ ಮಾತು ನೋಂದಣಿ ಕಛೇರಿಯ ಮುಂದೆ ಕುಳಿತ ಬರಹಗಾರರ ಲೇಖನಿಗೆ ಇಳಿಯಬೇಕಾದರೆ, ಮೊದಲು ಒಬ್ಬರು ಅದನ್ನು ಪ್ರಬಂಧದಲ್ಲಿ ಬಳಸಬೇಕು, ಇನ್ನೊಬ್ಬರು ಖಂಡಿಸಬೇಕು, ಮೂರನೆಯವರು ತಿದ್ದಬೇಕು. ಹುಬ್ಬಳ್ಳಿಯಿಂದಾಗಲಿ ಬೆಂಗಳೂರಿನಿಂದಾಗಲಿ ವರ್ಷಕ್ಕೆ ಎರಡೇ ಸಂಚಿಕೆಯ ಕನ್ನಡ ಕಾನೂನು ಪತ್ರಿಕೆಯೊಂದು ಹೊರಟರೂ ಸಾಕು; ಅದರ ಮೊದಲ ಲೇಖನ ಆ ಖುಲಾಸೆ ಪತ್ರಗಳನ್ನು ಕುರಿತೇ ಬರಲೆಂದು ನನ್ನ ಆಸೆ.